ಗಿಡ್ರಾ: ಪುಕ್ಕಟೆ ಸಿಗುತ್ತದೆ, ಸ್ವಲ್ಪ ಸಂಯಮ ಬೇಕು

ಮಂಗಳೂರಿನ ಹಂಪನಕಟ್ಟೆಯಲ್ಲಿ ನಮ್ಮದು ಕಂಪ್ಯೂಟರ್ ರಿಪೇರಿ ಅಂಗಡಿ. ಬಂದರಿನ ಅಡಿಕೆ ಮಂಡಿಯೊಂದರ ಹಳೇ ಬಿಲ್ಲಿಂಗ್ ಪ್ರೋಗ್ರಾಂನಲ್ಲಿದ್ದ ಲೆಕ್ಕವನ್ನು ಹೊಸದಕ್ಕೆ ತರಬೇಕಿತ್ತು. ಅದರಲ್ಲಿ ಎಕ್ಸ್‌ಪೋರ್ಟ್ ಬಟನ್ನೇ ಇಲ್ಲ, ಮಾಡಿಕೊಟ್ಟವರು ಬಾಗಿಲು ಹಾಕಿ ಕಾಲವಾಯಿತು. ಹಾಗಾಗಿ, ಪ್ರೋಗ್ರಾಂ ಒಳಗೆ ಹೇಗೆ ಕೆಲಸ ಮಾಡುತ್ತದೆಂದು ಬಿಚ್ಚಿ ತೋರಿಸುವ ಗಿಡ್ರಾ ಹಾಕಿಕೊಂಡೆ.

ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ ತನ್ನ ಕೆಲಸಕ್ಕೆ ಕಟ್ಟಿಕೊಂಡ ಟೂಲ್ ಇದು. 2019ರ ಮಾರ್ಚ್‌ನಲ್ಲಿ ಎಲ್ಲರಿಗೂ ಬಿಟ್ಟಿತು, ಆಮೇಲೆ ಅದರ ಮೂಲ ಬರಹವಾದ ಸೋರ್ಸ್ ಕೋಡನ್ನೂ. ಊರವರದ್ದೆಲ್ಲ ಕದ್ದು ಕೇಳುವವರು ತಮ್ಮದನ್ನು ತೆರೆದಿಟ್ಟದ್ದು ತಮಾಷೆಯೇ ಮಾರಾಯ್ರೆ. ಪ್ರೋಗ್ರಾಂ ಫೈಲ್ ಕೊಟ್ಟರೆ ನಡುವೆ ಅಸೆಂಬ್ಲಿ (ಯಂತ್ರಕ್ಕೆ ಕೊಡುವ ಒಂದೊಂದೇ ಆಜ್ಞೆ), ಬಲಕ್ಕೆ ಓದಲು ಸುಲಭವಾದ ಸಿ ಭಾಷೆಯಂಥ ಕೋಡ್. ಕೋಡಿನ ತುಂಡುಗಳಾದ ಫಂಕ್ಷನ್‌ಗಳಿಗೆ ಹೆಸರಿಲ್ಲ, ಬರೀ ನಂಬರು. ಅರ್ಥವಾದ ಹಾಗೆ 'ಎಲ್' ಒತ್ತಿ ನಾವೇ ಹೆಸರಿಡುತ್ತ ಹೋಗಬೇಕು. ರೇಟನ್ನು 100ರಿಂದ ಭಾಗಿಸುವ ಸಾಲು ಕಂಡಾಗ ಗೊತ್ತಾಯಿತು, ಫೈಲಿನಲ್ಲಿರುವುದು ಪೈಸೆ. ತಾರೀಕು 1899ರ ಡಿಸೆಂಬರ್ 30ರಿಂದ ಎಣಿಸಿದ ದಿನ: 2008ರ ಏಪ್ರಿಲ್ 1 ಅಂದರೆ 39539.

ಡಾಂಗಲ್ (ಅಸಲಿ ಪ್ರತಿಯೆಂದು ತೋರಿಸಲು ಕಂಪ್ಯೂಟರಿಗೆ ಸಿಕ್ಕಿಸುವ ಕೀಲಿ) ಚೆಕ್ ಮಾಡುವ ಜಾಗವೂ ಕಣ್ಣಿಗೆ ಬಿತ್ತು. 'ಮುಂದೆ ಇಲ್ಲಿಗೆ ಹೋಗು' ಎನ್ನುವ ಒಂದು ಆಜ್ಞೆ, ಅಂದರೆ ಜಂಪ್, ಬದಲಿಸಿದರೆ ಆ ಚೆಕ್ ಮುಗೀತು. "ಅದನ್ನೇ ತೆಗೆದು ತಮ್ಮನ ಅಂಗಡಿಗೂ ಹಾಕಿಕೊಡಿ, ಕಂಪನಿಯೇ ಇಲ್ವಲ್ಲ" ಎಂದರು ಮಂಡಿಯವರು. "ಲೆಕ್ಕ ನಿಮ್ಮದು, ತೆಗೆದುಕೊಡ್ತೇನೆ. ಪ್ರೋಗ್ರಾಂ ನಿಮ್ಮದಲ್ಲ" ಎಂದೆ. ಸ್ವಲ್ಪ ಮುಖ ಊದಿಸಿಕೊಂಡರು.

ನಮ್ಮ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ಹೀಗೆ ಬಿಚ್ಚಿ ನೋಡುವುದಕ್ಕೆ ದಾರಿ ಉಂಟು: ಕಾನೂನು ಪ್ರಕಾರ ಪ್ರೋಗ್ರಾಂ ಇಟ್ಟುಕೊಂಡವರು, ಸ್ವತಂತ್ರವಾಗಿ ಬರೆದ ಬೇರೆ ಪ್ರೋಗ್ರಾಂ ಜೊತೆ ಅದನ್ನು ಹೊಂದಿಸಲು ಬೇಕಾದ, ಬೇರೆಲ್ಲೂ ಸುಲಭಕ್ಕೆ ಸಿಗದ ಮಾಹಿತಿಯನ್ನು ಹುಡುಕಿ ತೆಗೆಯಬಹುದು. ಅದರ ಕೋಡನ್ನೇ ಎತ್ತಿ ನಮ್ಮದೆಂದು ಮಾರಲು ಅಲ್ಲ. ಗಿಡ್ರಾದಲ್ಲಿ ಕೋಡ್ ಎಷ್ಟು ಚೆಂದಕ್ಕೆ ಕಾಣುತ್ತದೆಂದರೆ ಕಾಪಿ ಮಾಡಲು ಕೈ ತುರಿಸುತ್ತದೆ. ಅದಕ್ಕೇ ನಾನು ಓದಿದ್ದನ್ನು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಿಟ್ಟೆ. ಹೊಸ ಪ್ರೋಗ್ರಾಂ ಬರೆದದ್ದು ಆ ಪುಟ ಮಾತ್ರ ನೋಡಿದ ಅಂಗಡಿಯ ಹುಡುಗ. ಐಬಿಎಂನ ಬಯೋಸ್‌ಗೆ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ಪ್ರೋಗ್ರಾಂ) ಸರಿಸಾಟಿ ಮಾಡುವಾಗ ಕಾಂಪ್ಯಾಕ್ ಕಂಪನಿಯವರೂ ಓದುವವರನ್ನು, ಬರೆಯುವವರನ್ನು ಹೀಗೇ ಬೇರೆ ಇಟ್ಟಿದ್ದರು.

ಐದಕ್ಕೆ ನಾಲ್ಕು ಸ್ಟಾರ್. ಜಾವಾ ಹಾಕಿಕೊಳ್ಳದೆ ಏಳುವುದಿಲ್ಲ, ಹಳೇ ಲ್ಯಾಪ್‌ಟಾಪಿನಲ್ಲಿ ತೆವಳುತ್ತದೆ. ನಿಮ್ಮ ಪ್ರೋಗ್ರಾಂ ಮೈಕ್ರೋಸಾಫ್ಟ್‌ನ ಡಾಟ್‌ನೆಟ್‌ನಲ್ಲಿ ಮಾಡಿದ್ದಾದರೆ ಇದು ಬೇಡ, ಅದನ್ನು ಬಿಚ್ಚಿ ನೋಡಲು ಐಎಲ್‌ಸ್ಪೈ ಎಂಬ ಟೂಲ್ ಸಾಕು.