ಆರು ವರ್ಷ, 412 ಹಾರಾಟ: ನನ್ನ ಕಂಟ್ರೋಲ್ ಲೈನ್ ವಿಮಾನದಲ್ಲಿ ಸವೆದದ್ದೇನು?

ನಾನು ಕಂಟ್ರೋಲ್ ಲೈನ್ ವಿಮಾನ ಹಾರಿಸಲು ಕಲಿತದ್ದು ಕಾಲೇಜಿನಲ್ಲಿ, ಎನ್‌ಸಿಸಿ ಏರ್ ವಿಂಗ್‌ನಲ್ಲಿ. ಎರಡು ತಂತಿ, ಕೈಯಲ್ಲಿ ಒಂದು ಹ್ಯಾಂಡಲ್, ನಮ್ಮ ಸುತ್ತ ತಿರುಗುವ ಸಣ್ಣ ಮಾದರಿ ವಿಮಾನ. ಆಗ ಬಿಡಿಭಾಗಗಳ ಚಿಂತೆ ಇರಲಿಲ್ಲ, ಅದನ್ನೆಲ್ಲ ಕಲಿಸುವವರು ನೋಡಿಕೊಳ್ಳುತ್ತಿದ್ದರು. ಈಗಿನ ವಿಮಾನವನ್ನು ಮಂಗಳೂರಿನ ಮನೆಯಲ್ಲಿ ನಾನೇ ಕಟ್ಟಿದೆ. 2018ರ ಡಿಸೆಂಬರಿನಲ್ಲಿ ಮೊದಲ ಸಲ ಹಾರಿತು. ಪ್ರತಿ ಹಾರಾಟವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ, ಕಳೆದ ವಾರಕ್ಕೆ 412 ಆಯಿತು. ಇದರ ಕಂಟ್ರೋಲ್ ಭಾಗಗಳು ಎಷ್ಟು ಬಾಳಿದವು ಅಂತ ಈಗ ಧೈರ್ಯವಾಗಿ ಹೇಳಬಹುದು.

ವಿಮಾನ ಬಾಲ್ಸಾ ಮರದ್ದು, ಫ್ಲ್ಯಾಪ್ ಇಲ್ಲದ ಸರಳ ಸ್ಟಂಟ್ ಮಾದರಿ. ತೂಕ 1.1 ಕಿಲೋ. ಎಂಜಿನ್ 35ರ ಗಾತ್ರದ್ದು, ಅಂದರೆ ಸುಮಾರು 5.7 ಸಿಸಿ. ಲೈನ್ 60 ಅಡಿ. ಕಂಟ್ರೋಲ್ ಸೆಟ್ ಹೊರದೇಶದಿಂದ ತರಿಸಿದ್ದು: 3 ಇಂಚಿನ ನೈಲಾನ್ ಬೆಲ್‌ಕ್ರ್ಯಾಂಕ್, ನೈಲಾನ್ ಹಾರ್ನ್ (ಬಾಲದಲ್ಲಿ ಕೂರುವ ಸಣ್ಣ ತೋಳು), ಏಳು ಎಳೆಯ ಉಕ್ಕಿನ ಲೀಡ್‌ಔಟ್ ತಂತಿ (ಬೆಲ್‌ಕ್ರ್ಯಾಂಕಿನಿಂದ ರೆಕ್ಕೆಯ ಹೊರಗೆ ಬಂದು ಲೈನಿಗೆ ಸೇರುವ ತಂತಿ), ಪುಶ್‌ರಾಡ್ ಕಂಬಿ.

ಹೊಸಬರಿಗೆ ಒಂದು ಮಾತು. ಹ್ಯಾಂಡಲ್ ಓರೆ ಮಾಡಿದರೆ ಒಂದು ಲೈನ್ ಹತ್ತಿರ ಬರುತ್ತದೆ, ಇನ್ನೊಂದು ದೂರ ಹೋಗುತ್ತದೆ. ರೆಕ್ಕೆಯ ಒಳಗಿರುವ ಬೆಲ್‌ಕ್ರ್ಯಾಂಕ್ ತಿರುಗುತ್ತದೆ. ಅದು ಪುಶ್‌ರಾಡನ್ನು ಹಿಂದೆ ಮುಂದೆ ತಳ್ಳುತ್ತದೆ. ಬಾಲದ ಹಾರ್ನ್ ಎಲಿವೇಟರನ್ನು, ಅಂದರೆ ವಿಮಾನವನ್ನು ಮೇಲೆ ಕೆಳಗೆ ತಿರುಗಿಸುವ ಬಾಲದ ಪಟ್ಟಿಯನ್ನು, ಏರಿಸಿ ಇಳಿಸುತ್ತದೆ. 1940ರ ದಶಕದಲ್ಲಿ ಅಮೆರಿಕದ ಜಿಮ್ ವಾಕರ್ ಯು-ಕಂಟ್ರೋಲ್ ಅನ್ನುವ ಹೆಸರಿನಲ್ಲಿ ಇದನ್ನು ಮನೆಮಾತು ಮಾಡಿದರು. ಇವತ್ತಿಗೂ ವ್ಯವಸ್ಥೆ ಹೆಚ್ಚುಕಡಿಮೆ ಹಾಗೇ ಇದೆ.

ನನಗೆ ಭಯವಿದ್ದದ್ದು ಬೆಲ್‌ಕ್ರ್ಯಾಂಕ್ ಬಗ್ಗೆ. ಲೈನಿನ ಎಳೆತವೆಲ್ಲ ಬೀಳುವುದು ಅದರ ಮೇಲೇ. ನನ್ನ ವಿಮಾನ ಒಂದು ಸುತ್ತಿಗೆ 5.2 ಸೆಕೆಂಡ್ ತೆಗೆದುಕೊಳ್ಳುತ್ತದೆ. ಲೆಕ್ಕ ಹಾಕಿದರೆ ಎಳೆತ ಸುಮಾರು 3 ಕಿಲೋ ಬರುತ್ತದೆ. ಸಮನಾಗಿ ಹಾರುವಷ್ಟು ಹೊತ್ತೂ ಇಷ್ಟು ಎಳೆತ ಇರುತ್ತದೆ. ಆದರೆ ಆರು ವರ್ಷ ಆದರೂ ಬೆಲ್‌ಕ್ರ್ಯಾಂಕಿನ ನಡುವಿನ ತೂತಿಗೆ ಏನೂ ಆಗಿಲ್ಲ. ಬೋಲ್ಟ್ ದಪ್ಪ, ನೈಲಾನ್ ದಪ್ಪ, ತಿರುಗುವುದು ನಿಧಾನ. ಭಾರ ಅಗಲವಾಗಿ ಹರಡುತ್ತದೆ.

ಸವೆದದ್ದು ಬಾಲದಲ್ಲಿ.

ಸುಮಾರು 140ನೇ ಹಾರಾಟದ ಹೊತ್ತಿಗೆ ವಿಮಾನ ನೇರ ಹಾರುವುದನ್ನು ಬಿಟ್ಟಿತು. ಒಂದೂವರೆ ಮೀಟರ್ ಎತ್ತರದಲ್ಲಿ ಸಮನಾಗಿ ಹಾರಿಸಲು ಹೋದರೆ ಸ್ವಲ್ಪ ಏರುವುದು, ಸ್ವಲ್ಪ ಇಳಿಯುವುದು. ಕೈ ಎಷ್ಟು ಸ್ಥಿರ ಇಟ್ಟರೂ ಅಷ್ಟೇ. ಮೂಗಿನಲ್ಲಿ ತೂಕ ಸೇರಿಸಿದೆ. ಹ್ಯಾಂಡಲ್ಲಿನಲ್ಲಿ ಎರಡು ಲೈನುಗಳ ನಡುವಿನ ಅಂತರ ಕಡಿಮೆ ಮಾಡಿದೆ. ಎರಡು ತಿಂಗಳು ಹೀಗೇ ಕಳೆಯಿತು. ಒಂದು ದಿನ ಮನೆಯಲ್ಲಿ ಒರೆಸುವಾಗ ಎಲಿವೇಟರನ್ನು ಬೆರಳಲ್ಲಿ ಅಲ್ಲಾಡಿಸಿದೆ. ಲೈನ್ ಬಿಗಿಯಾಗಿದ್ದರೂ ಎಲಿವೇಟರ್ ಟಕ್ ಟಕ್ ಅಂತ ಆಡಿತು!

ಹಾರ್ನ್ ತೂತು ಮೊಟ್ಟೆ ಆಕಾರಕ್ಕೆ ಬಂದಿತ್ತು. ಹೊಸದರಲ್ಲಿ 1.6 ಮಿ.ಮೀ. ಡ್ರಿಲ್ ಬಿಟ್ ಬಿಗಿಯಾಗಿ ಕೂರುತ್ತಿದ್ದ ತೂತು ಅದು. ಈಗ 2 ಮಿ.ಮೀ. ಬಿಟ್ ಸಲೀಸಾಗಿ ಹೋಯಿತು. 0.4 ಮಿ.ಮೀ. ಅಂದರೆ ಏನೂ ಅಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ನನ್ನ ಹಾರ್ನ್ ತೋಳಿನ ಉದ್ದ ಬರೀ 19 ಮಿ.ಮೀ. ಅಷ್ಟು ಗಿಡ್ಡ ತೋಳಿನಲ್ಲಿ ಈ ಸಡಿಲ ಎಲಿವೇಟರಿಗೆ ಒಂದು ಡಿಗ್ರಿಗಿಂತ ಜಾಸ್ತಿ ಆಟ ಕೊಡುತ್ತದೆ. ನಾನು ಕೈಯಲ್ಲಿ ಏನು ಹೇಳಿದರೂ ಆ ಒಂದು ಡಿಗ್ರಿಯ ಒಳಗೆ ವಿಮಾನ ತನ್ನಿಷ್ಟದಂತೆ ಹಾರುತ್ತಿತ್ತು. ತೋಳು 25 ಮಿ.ಮೀ. ಇದ್ದಿದ್ದರೆ ಅದೇ ಸವೆತಕ್ಕೆ ಆಟ ಕಾಲು ಭಾಗ ಕಡಿಮೆ ಇರುತ್ತಿತ್ತು. ಮುಂದಿನ ವಿಮಾನಕ್ಕೆ ಉದ್ದ ತೋಳಿನ ಹಾರ್ನನ್ನೇ ಹಾಕುತ್ತೇನೆ.

ಯಾಕೆ ಸವೆಯಿತು? ಎಂಜಿನ್ ನಿಮಿಷಕ್ಕೆ ಸುಮಾರು 9000 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 150. ಆರು ನಿಮಿಷದ ಒಂದು ಹಾರಾಟದಲ್ಲಿ 54,000 ಸಲ. ಆ ನಡುಕ ತೆಳ್ಳಗಿನ ಪುಶ್‌ರಾಡ್ ಮೂಲಕ ಹಾರ್ನಿನ ಒಂದು ಸಣ್ಣ ತೂತಿಗೆ ಬಂದು ಬಡಿಯುತ್ತದೆ. ಜೊತೆಗೆ ನಮ್ಮೂರಿನ ಕೆಂಪು ಮಣ್ಣು. ಎಂಜಿನ್ನಿನ ಇಂಧನದಲ್ಲಿ ಹರಳೆಣ್ಣೆ ಇರುತ್ತದೆ, ಅದು ಹೊಗೆಯ ಜೊತೆ ಬಾಲದವರೆಗೂ ಹರಡುತ್ತದೆ. ಅಂಟಂಟಾದ ಹರಳೆಣ್ಣೆಗೆ ಮೈದಾನದ ಕೆಂಪು ಧೂಳು ಕೂಡಿದರೆ ಸಾಣೆ ಹಿಡಿಯುವ ಪೇಸ್ಟೇ ತಯಾರು. ಹಾರ್ನ್ ಬಿಚ್ಚಿದಾಗ ತೂತಿನಲ್ಲಿ ಕಂದು ಬಣ್ಣದ ಕೆಸರು ಇತ್ತು. ಇದಲ್ಲದೆ ನನ್ನದೇ ಒಂದು ತಪ್ಪು: ಪುಶ್‌ರಾಡ್ ಕತ್ತರಿಸಿದ ಮೇಲೆ ತುದಿಯ ಚೂಪನ್ನು ಸರಿಯಾಗಿ ಉಜ್ಜಿರಲಿಲ್ಲ. ಸೇರಿಸುವಾಗಲೇ ಆ ತುದಿ ನೈಲಾನನ್ನು ಕೆರೆದಿರಬೇಕು.

ಹಾರ್ನನ್ನು ಪರಿಚಯದ ಲೇತ್ ಅಂಗಡಿಗೆ ತೆಗೆದುಕೊಂಡು ಹೋದೆ. ಅಲ್ಲಿನವರು ತಿರುಗಿಸಿ ನೋಡಿ, "ಇದು ದೊಡ್ಡ ಕೆಲಸ ಅಲ್ಲ ಮಾರಾಯ್ರೇ, ಹಿತ್ತಾಳೆ ಬುಶ್ ಹಾಕಿದ್ರೆ ಆಯ್ತು" ಅಂದರು. 150 ರೂಪಾಯಿಗೆ ಎರಡು ಬುಶ್ (ತೂತಿನೊಳಗೆ ಕೂರುವ ಸಣ್ಣ ಕೊಳವೆ) ಮಾಡಿಕೊಟ್ಟರು. ಅದರಲ್ಲಿ ಒಂದನ್ನು ಎಪಾಕ್ಸಿ ಹಚ್ಚಿ ಕೂರಿಸಿದೆ. ಕಂಬಿಯ ತುದಿಯನ್ನು ನುಣುಪಾದ ಎಮರಿ ಪೇಪರಿನಲ್ಲಿ ಉಜ್ಜಿ ಹೊಳಪು ಬರಿಸಿದೆ. ಆಮೇಲೆ 260ಕ್ಕೂ ಜಾಸ್ತಿ ಹಾರಾಟ ಆಗಿದೆ, ಈಗಲೂ ಆಟ ಬೆರಳಿಗೆ ಗೊತ್ತಾಗುವಷ್ಟು ಇಲ್ಲ. ಇಡೀ ಸೆಟ್ಟಿನಲ್ಲಿ ಮೊದಲ ದಿನವೇ ಬದಲಿಸಬೇಕಾದ ಭಾಗ ಯಾವುದು ಅಂತ ಕೇಳಿದರೆ ಇದೇ.

ಇನ್ನೊಂದು ಸವೆತ ಇದಕ್ಕಿಂತ ಗಂಭೀರ.

ಎಫ್2ಬಿ ಅನ್ನುವ ಅಂತಾರಾಷ್ಟ್ರೀಯ ಕಂಟ್ರೋಲ್ ಲೈನ್ ಸ್ಟಂಟ್ ಸ್ಪರ್ಧೆಯಲ್ಲಿ ಹಾರಿಸುವ ಮುಂಚೆ ವಿಮಾನದ ತೂಕದ ಹತ್ತು ಪಟ್ಟು ಎಳೆದು ಪರೀಕ್ಷೆ ಮಾಡುತ್ತಾರೆ. ನಾನೂ ಅದನ್ನು ಪಾಲಿಸುತ್ತೇನೆ. ಕೊಕ್ಕೆ ಇರುವ ಸ್ಪ್ರಿಂಗ್ ತಕ್ಕಡಿಯಲ್ಲಿ 11 ಕಿಲೋ ಎಳೆದು ನೋಡಿಯೇ ಎಂಜಿನ್ ಶುರು ಮಾಡುವುದು. 2023ರ ಮಳೆಗಾಲದಲ್ಲಿ ಬೇರೇನೋ ರಿಪೇರಿಗೆ ರೆಕ್ಕೆಯ ಹೊದಿಕೆ ಕತ್ತರಿಸಿದಾಗ ಬೆಲ್‌ಕ್ರ್ಯಾಂಕ್ ಕಣ್ಣಿಗೆ ಬಿತ್ತು. ಒಂದು ಲೀಡ್‌ಔಟ್‌ನ ಏಳು ಎಳೆಗಳಲ್ಲಿ ಎರಡು ಕಡಿದಿದ್ದವು. ನೋಡಿ ಕೈ ತಣ್ಣಗಾಯಿತು. ಆ ಹಂಗಾಮಿನ ಕೊನೆಯ ದಿನದ ಎಳೆತದ ಪರೀಕ್ಷೆಯಲ್ಲೂ ಇದು ಪಾಸಾಗಿತ್ತು. ಇವತ್ತು ತಂತಿ ಹರಿಯುವುದಿಲ್ಲ ಅಂತ ಮಾತ್ರ ಆ ಪರೀಕ್ಷೆ ಹೇಳುತ್ತದೆ. ಒಳಗೆ ಎಷ್ಟು ಎಳೆ ಉಳಿದಿದೆ ಅಂತ ಹೇಳುವುದಿಲ್ಲ. ಒಂದು ಕಿಲೋ ತೂಕದ, ತಿರುಗುವ ಪ್ರೊಪೆಲ್ಲರ್ ಇರುವ ವಸ್ತು ಗಂಟೆಗೆ 80 ಕಿ.ಮೀ. ವೇಗದಲ್ಲಿ ಬಿಡಿಸಿಕೊಂಡು ಹೋದರೆ ಎದುರಿಗೆ ಯಾರಿರುತ್ತಾರೋ ಗೊತ್ತಿಲ್ಲ. ಹಾರಿಸುವಾಗ ಅಕ್ಕನ ಮಗಳು ಯಾವಾಗಲೂ ಮೈದಾನದ ಅಂಚಿನಲ್ಲಿ ನಿಂತಿರುತ್ತಾಳೆ.

ಕಾರಣ ಕಟ್ಟಿದ ರೀತಿಯಲ್ಲೇ ಇತ್ತು. ಸೆಟ್ಟಿನ ಜೊತೆ ಬಂದ ಚಿತ್ರದಲ್ಲಿ ತಂತಿಯನ್ನು ನೇರವಾಗಿ ಬೆಲ್‌ಕ್ರ್ಯಾಂಕ್ ತೂತಿಗೆ ಪೋಣಿಸಿ ಸುತ್ತಲು ತೋರಿಸಿತ್ತು. ಹಾಗೆ ಮಾಡಿದರೆ ಪ್ರತಿ ಸಲವೂ ತಂತಿ ಒಂದೇ ಜಾಗದಲ್ಲಿ ಬಗ್ಗುತ್ತದೆ. ತಂತಿ ನೈಲಾನನ್ನು ಗರಗಸದಂತೆ ಕೊಯ್ಯುತ್ತದೆ, ತಾನೂ ದಣಿದು ಎಳೆ ಎಳೆಯಾಗಿ ಕಡಿಯುತ್ತದೆ. ಈಗ ತೆಳುವಾದ ತಾಮ್ರದ ಕೊಳವೆಯೊಳಗೆ ತಂತಿ ತೂರಿಸಿ, ಕೊಳವೆಯನ್ನೇ ತೂತಿನಲ್ಲಿ ಬಗ್ಗಿಸಿ ಕೂರಿಸಿದ್ದೇನೆ. ತುದಿಯನ್ನು ತಾಮ್ರದ ಎಳೆಯಿಂದ ಬಿಗಿಯಾಗಿ ಸುತ್ತಿದ್ದೇನೆ, ಬೆಸುಗೆ ಹಾಕಿಲ್ಲ. ಬೆಸುಗೆಗೆ ಹಚ್ಚುವ, ಆಸಿಡ್ ಇರುವ ಫ್ಲಕ್ಸ್ ಎಳೆಗಳ ನಡುವೆ ಉಳಿದರೆ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಅಲ್ಲದೆ ರೆಕ್ಕೆಯ ಅಡಿಯಲ್ಲಿ ಎರಡು ಸ್ಕ್ರೂ ಇರುವ ಸಣ್ಣ ಪ್ಲೈವುಡ್ ಮುಚ್ಚಳ ಮಾಡಿದೆ. ತೂಕ ನಾಲ್ಕು ಗ್ರಾಂ ಜಾಸ್ತಿ ಆಯಿತು. ತಿಂಗಳಿಗೊಮ್ಮೆ ಬಿಚ್ಚಿ ಟಾರ್ಚ್ ಹಾಕಿ ನೋಡುತ್ತೇನೆ. ದಯವಿಟ್ಟು ವಿಮಾನ ಕಟ್ಟುವಾಗಲೇ ಈ ಮುಚ್ಚಳ ಇಟ್ಟುಬಿಡಿ.

ಲೈನುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. 0.015 ಇಂಚಿನ ಸ್ಟೇನ್‌ಲೆಸ್ ಲೈನ್ ನನಗೆ ಎರಡು ಹಂಗಾಮು ಬರುತ್ತದೆ. ಸ್ಟೇನ್‌ಲೆಸ್ ಅಂದರೂ ಕಡಲ ಗಾಳಿಗೆ ಕಲೆ ಬೀಳುತ್ತದೆ, ಮಳೆಗಾಲದಲ್ಲಿ ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಡುತ್ತೇನೆ. ಹಾರಿಸಿದ ಮೇಲೆ ಪೆಟ್ರೋಲ್ ತಾಗಿಸಿದ ಬಟ್ಟೆಯಲ್ಲಿ ಒರೆಸಬೇಕು, ಇಲ್ಲದಿದ್ದರೆ ಲೂಪ್ ಹಾಕುವಾಗ ಒಂದಕ್ಕೊಂದು ಅಂಟುತ್ತವೆ. ಕಡಿದ ಎಳೆ ಹುಡುಕಲು ಸುಲಭದ ದಾರಿ ಹತ್ತಿ: ಲೈನಿನ ಉದ್ದಕ್ಕೂ ಹತ್ತಿ ಎಳೆದುಕೊಂಡು ಹೋದರೆ ಕಡಿದ ಕಡೆ ಸಿಕ್ಕಿಕೊಳ್ಳುತ್ತದೆ. ಈ ಕೆಲಸ ಅಕ್ಕನ ಮಗಳದು. ಹೋದ ಜನವರಿಯಲ್ಲಿ ಲೈನನ್ನು ಲೀಡ್‌ಔಟ್‌ಗೆ ಸೇರಿಸುವ ಕ್ಲಿಪ್ಪಿನ ಹತ್ತಿರ ಹತ್ತಿ ಸಿಕ್ಕಿಕೊಂಡಾಗ "ಮಾಮಾ, ಇವತ್ತು ಹಾರಿಸುವುದು ಬೇಡ" ಅಂತ ಅವಳೇ ಲೈನ್ ಸುತ್ತಿಟ್ಟಳು. ಬೆಲ್‌ಕ್ರ್ಯಾಂಕಿನಷ್ಟೇ ಮುಖ್ಯವಾದವು ಈ ಕ್ಲಿಪ್ಪುಗಳು, ಬಾಗಿದ ಮೂಲೆಯಲ್ಲಿ ಬಿರುಕು ಬಿಡುತ್ತವೆ. ನಾನು ವರ್ಷಕ್ಕೊಮ್ಮೆ ಎಲ್ಲವನ್ನೂ ಬಿಸಾಡಿ ಹೊಸದು ಹಾಕುತ್ತೇನೆ. ಹ್ಯಾಂಡಲ್, ಮಣಿಕಟ್ಟಿನ ಸುರಕ್ಷತಾ ಪಟ್ಟಿ ಎರಡೂ ಚೆನ್ನಾಗಿವೆ. ಎಲಿವೇಟರಿನ ನೈಲಾನ್ ಹಿಂಜಿಗೂ ಏನೂ ಆಗಿಲ್ಲ, ಹರಳೆಣ್ಣೆ ಗಟ್ಟಿಯಾಗದಂತೆ ಒರೆಸಿದರೆ ಸಾಕು.

ಇದೇ ಸೆಟ್ ಮತ್ತೆ ಕೊಳ್ಳುತ್ತೇನಾ? ಬೆಲ್‌ಕ್ರ್ಯಾಂಕ್ ಖಂಡಿತ ಕೊಳ್ಳುತ್ತೇನೆ. ಹಾರ್ನ್ ಬೇಡ. ತಂತಿ ಒಳ್ಳೆಯದೇ, ಕಟ್ಟುವ ರೀತಿ ಮಾತ್ರ ಚಿತ್ರದಲ್ಲಿ ತೋರಿಸಿದಂತೆ ಅಲ್ಲ. ಮುಂದಿನ ವಿಮಾನದ ರೆಕ್ಕೆ ಈಗ ಮೇಜಿನ ಮೇಲಿದೆ. ಅದಕ್ಕೆ 4 ಇಂಚಿನ ಬೆಲ್‌ಕ್ರ್ಯಾಂಕ್ ತಂದಿಟ್ಟಿದ್ದೇನೆ, ಲೇತ್ ಅಂಗಡಿಯ ಎರಡನೇ ಹಿತ್ತಾಳೆ ಬುಶ್ಶೂ ಜೋಪಾನವಾಗಿದೆ.