‘ಹಾಲು ಈಗ ಬೇಡ’ ಎಂದರೆಂದು ಹಿಂಡಿ ಚೆಲ್ಲಬೇಡಿ

ಮೂವತ್ತನೆಯ ವಾರಕ್ಕೇ ಹೆರಿಗೆಯಾಯಿತು. ಮಗು 1,240 ಗ್ರಾಂ. ನಮ್ಮೂರಿನ ಆಸ್ಪತ್ರೆಯವರು (ಹೆಸರು ಬೇಡ) ಗಾಜಿನ ಪೆಟ್ಟಿಗೆಯಲ್ಲಿಟ್ಟು ಡ್ರಿಪ್ ಹಾಕಿದರು. “ಹಾಲು ಈಗ ಬೇಡಮ್ಮಾ, ನೀವು ಮಲಗಿ” ಎಂದರು. ಮಲಗಿದೆ. ಮೂರನೆಯ ದಿನ ಎದೆ ಕಲ್ಲಾದಾಗ ಬಚ್ಚಲಲ್ಲಿ ಹಿಂಡಿ ಚೆಲ್ಲಿದೆ. ನೋವು ಇಳಿಯಲೆಂದು ಅತ್ತೆ ಬಟ್ಟೆ ಬಿಗಿದು ಕಟ್ಟಿದರು. ಐದನೆಯ ದಿನಕ್ಕೆ ಹಾಲು ಬತ್ತತೊಡಗಿತ್ತು. ನನಗೋ, ಆಗ ಅದೇ ಸಮಾಧಾನ!

ಆರನೆಯ ದಿನ ದೊಡ್ಡ ಆಸ್ಪತ್ರೆಗೆ ಸಾಗಿಸಿದೆವು. ಅಲ್ಲಿನ ಶಿಶುತಜ್ಞೆ ಮಗುವನ್ನು ನೋಡಿ ಬಂದವರೇ ಕೇಳಿದ್ದು, “ನಿಮ್ಮ ಹಾಲು ಎಲ್ಲಿ?” ಮೂರು ಗಂಟೆಗೊಮ್ಮೆ ಒಂದು ಮಿಲಿಲೀಟರ್ ಸಿಕ್ಕರೂ ಸಾಕು ಎಂದರು. ಅಷ್ಟರಲ್ಲಿ ಯಾರ ಹೊಟ್ಟೆ ತುಂಬುತ್ತದೆ ಎಂದೆ. “ಹೊಟ್ಟೆ ತುಂಬಿಸಲು ಡ್ರಿಪ್ ಇದೆ. ಇದು ಕರುಳನ್ನು ಎಬ್ಬಿಸಲಿಕ್ಕೆ” ಎಂದರು.

ಬಸಿರಿನಲ್ಲಿರುವ ಮಗು ಗರ್ಭಜಲವನ್ನು ನುಂಗುತ್ತಲೇ ಇರುತ್ತದಂತೆ. ಹುಟ್ಟಿದ ಮೇಲೆ ಕರುಳಿಗೆ ಏನೂ ತಾಗದಿದ್ದರೆ ಗ್ಯಾಸ್ಟ್ರಿನ್, ಮೊಟಿಲಿನ್, ಎಂಟೆರೋಗ್ಲುಕಗಾನ್‌ನಂಥ ಹಾರ್ಮೋನುಗಳು ಏರುವುದೇ ಇಲ್ಲ. ಕರುಳಿನ ಒಳಪದರ ಬೆಳೆಯಲು, ಅದು ಹಾಲನ್ನು ಮುಂದೂಡುವುದನ್ನು ಕಲಿಯಲು ಇವು ಬೇಕು. ರಕ್ತನಾಳಕ್ಕೆ ಎಷ್ಟು ಗ್ಲೂಕೋಸ್ ಹರಿಸಿದರೂ ಇವು ಏಳುವುದಿಲ್ಲ, ಚಮಚಕ್ಕೂ ಸಾಲದಷ್ಟು ಹಾಲಿಗೆ ಏಳುತ್ತವೆ. ಇದು 1980ರ ದಶಕದಲ್ಲೇ ಬ್ರಿಟನ್ನಿನಲ್ಲಿ ಲೂಕಾಸ್, ಬ್ಲೂಮ್, ಐನ್ಸ್ಲಿ-ಗ್ರೀನ್ ಎಂಬ ಸಂಶೋಧಕರು ಶಿಶುಗಳ ರಕ್ತದಲ್ಲಿ ಅಳೆದು ನೋಡಿದ ವಿಷಯ. ನಮ್ಮೂರಿಗೆ ಬರಲು ಇನ್ನೆಷ್ಟು ವರ್ಷ ಬೇಕೋ!

ನನ್ನಲ್ಲಿ ಸಿಕ್ಕಿದ್ದು ನಾಲ್ಕು ಹನಿ. ಆ ಆಸ್ಪತ್ರೆಯಲ್ಲಿ ದಾನಿಗಳ ಹಾಲೂ ಇರಲಿಲ್ಲ. ಪುಡಿಹಾಲು ಶುರುವಾಯಿತು. ಮೂರನೆಯ ದಿನ ಮಗುವಿನ ಹೊಟ್ಟೆ ಉಬ್ಬಿ, ಹೊಟ್ಟೆಗೆ ಹಾಕಿದ್ದ ನಳಿಕೆಯಲ್ಲಿ ಹಸಿರು ಪಿತ್ತ ಬಂದು, ಎಲ್ಲವನ್ನೂ ನಿಲ್ಲಿಸಿದರು. ಪುಡಿಹಾಲೇ ಕಾರಣವೆಂದು ವೈದ್ಯೆ ಹೇಳಲಿಲ್ಲ. ಆದರೆ ಬರೀ ಪುಡಿಹಾಲು ಕುಡಿದ, ಹೀಗೆ ಅವಧಿಗೆ ಮುನ್ನ ಹುಟ್ಟಿದ ಮಕ್ಕಳಲ್ಲಿ ಕರುಳು ಕೊಳೆಯುವ ಕಾಯಿಲೆ ಬರೀ ತಾಯಿಹಾಲು ಕುಡಿದವರಿಗಿಂತ ಆರರಿಂದ ಹತ್ತು ಪಟ್ಟು ಹೆಚ್ಚು ಕಂಡಿತ್ತೆಂದು 1990ರಲ್ಲೇ ಪ್ರಕಟವಾಗಿದ್ದನ್ನು ಆಮೇಲೆ ಓದಿದೆ. ಆ ರಾತ್ರಿ ಬಚ್ಚಲಿನ ನೆನಪಾಯಿತು.

ನನ್ನ ಮಗುವಿಗೆ ಆ ಕಾಯಿಲೆ ಬರಲಿಲ್ಲ. ಹಗಲಿರುಳು ಮೂರು ಗಂಟೆಗೊಮ್ಮೆ ಹಿಂಡುತ್ತ ಹಾಲು ಮರಳಲು ಎರಡು ವಾರ ಬೇಕಾಯಿತು.

ಇನ್ನೊಂದು ದಡ್ಡತನವೂ ನನ್ನದೇ. ಪಕ್ಕದ ಪೆಟ್ಟಿಗೆಯ ಮಗುವಿಗೆ ಪಂಪಿನಿಂದ ಹಾಲು ಸದಾ ಜಿನುಗುತ್ತಿತ್ತು, ನನ್ನದಕ್ಕೆ ದಾದಿ ಸಿರಿಂಜ್ ಎತ್ತಿ ಹಿಡಿದು ಆಗಾಗ ಇಳಿಸುತ್ತಿದ್ದರು. ನಮಗೂ ಪಂಪ್ ಬೇಕೆಂದು ಜಗಳಕ್ಕೆ ನಿಂತೆ. ಬಿಟ್ಟುಬಿಟ್ಟು ಕೊಟ್ಟರೆ ಇನ್ಸುಲಿನ್ ಮತ್ತಿತರ ಹಾರ್ಮೋನುಗಳೂ ಊಟಕ್ಕೆ ತಕ್ಕಂತೆ ಏರಿಳಿಯುತ್ತವೆ, ಪಂಪಿನಲ್ಲಾದರೆ ಹಾಲಿನ ಕೊಬ್ಬೂ ಒಂದಷ್ಟು ಕೊಳವೆಗೇ ಅಂಟಿಕೊಳ್ಳುತ್ತದೆ ಎಂದು ಆಕೆ ತಾಳ್ಮೆಯಿಂದ ಹೇಳಿದರು. ಕೆಲವು ಮಕ್ಕಳಿಗೆ ಪಂಪೇ ಬೇಕಾಗುತ್ತದೆ, ಆ ತೀರ್ಮಾನ ವೈದ್ಯರದು.

ಹಾಲು ಕೊಡಲಾಗದ ಸ್ಥಿತಿ ನಿಜಕ್ಕೂ ಇರಬಹುದು, ಅದಕ್ಕೆ ವಾದ ಬೇಡ. ಆದರೆ ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ಹಿಂಡಲು ಶುರುಮಾಡಿ, ದಿನಾಂಕ ಮತ್ತು ಗಂಟೆ ಬರೆದು, “ಇದನ್ನು ಯಾವ ಫ್ರಿಜ್‌ನಲ್ಲಿ ಇಡಲಿ?” ಎಂದು ಕೇಳಿ. ಉತ್ತರ ಸಿಗುವವರೆಗೂ ಕೇಳಿ.