ನಾಲ್ಕು ಸೆನ್ಸಾರ್ ಅಂತ ಹೇಳಿ ಒಂದನ್ನೇ ಕೊಡ್ತಿದ್ದಾರೆ, ಹುಷಾರು

ಶಿರಸಿ, ಕುಮಟಾ, ಕಾರವಾರ ಕಡೆ ಸೆನ್ಸಾರ್ ಕೆಲಸ ಮಾಡುವವರು ದಯವಿಟ್ಟು ಓದಿ. "ಒಂದೇ ಬೋರ್ಡಿನಲ್ಲಿ ನಾಲ್ಕು ಅನಲಾಗ್ ಆಕ್ಸಿಲರೋಮೀಟರ್, ನಾಯ್ಸ್ ಅರ್ಧ" ಅಂತ ಕಪ್ಪು ಎಪಾಕ್ಸಿ (ಗಟ್ಟಿಯಾಗುವ ಅಂಟು) ಸುರಿದ ಮಾಡ್ಯೂಲ್ ಮಾರುತ್ತಿದ್ದಾರೆ. ಆಕ್ಸಿಲರೋಮೀಟರ್ ಅಂದರೆ ವಾಲುವುದನ್ನೂ ಕಂಪನವನ್ನೂ ಅಳೆಯುವ ಸೆನ್ಸಾರ್; ನಾಯ್ಸ್ ಅಂದರೆ ಅಳತೆಯಲ್ಲಿ ತಾನಾಗಿ ಬರುವ ಸಣ್ಣ ಏರುಪೇರು. ತಗೋಬೇಡಿ. ಅದರಲ್ಲಿ ನಾಲ್ಕಿಲ್ಲ, ಒಂದೇ ಇರೋದು.

2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದ ಮೇಲೆ ಮಳೆ ಜೋರಾದರೆ ನಮ್ಮಲ್ಲಿ ನಿದ್ದೆ ಬರುವುದಿಲ್ಲ. ಅಡಿಕೆ ತೋಟದ ಮೇಲಿನ ಧರೆ ವಾಲುತ್ತಿದೆಯಾ ಅಂತ ನೋಡಲು ಒಂದು ಮೀಟರ್ ಮಾಡುತ್ತಿದ್ದೆ. ಎಡಿಎಕ್ಸ್‌ಎಲ್335 ಅನ್ನುವ ಆಕ್ಸಿಲರೋಮೀಟರ್ ಚಿಪ್ಪು 0.1 ಡಿಗ್ರಿ ವಾಲಿದರೆ ಔಟ್‌ಪುಟ್ ಬದಲಾಗುವುದು ಸುಮಾರು ಅರ್ಧ ಮಿಲಿವೋಲ್ಟ್. 50 ಹರ್ಟ್ಜ್ ಬ್ಯಾಂಡ್‌ವಿಡ್ತ್ ಇಟ್ಟರೆ (ಸೆಕೆಂಡಿಗೆ 50 ಸಲದವರೆಗಿನ ಕಂಪನ ಹಿಡಿಯಲು ಬಿಟ್ಟರೆ) ಅದರ ನಾಯ್ಸೇ ಹೆಚ್ಚುಕಡಿಮೆ ಅಷ್ಟಿರುತ್ತದೆ. ನಾಯ್ಸ್ ತಗ್ಗಿಸಲು ದೊಡ್ಡ ಕೆಪಾಸಿಟರ್ ಹಾಕಬಹುದಿತ್ತು, ಆದರೆ ಅದು ವೇಗದ ಕಂಪನವನ್ನೂ ಅಳಿಸುತ್ತದೆ, ನನಗೆ ನೆಲದ ಕಂಪನವೂ ಬೇಕಿತ್ತು. ನಾಲ್ಕು ಚಿಪ್ಪಿನ ಸರಾಸರಿ ತೆಗೆದರೆ ನಾಯ್ಸ್ ಅರ್ಧಕ್ಕೆ ಇಳಿಯುತ್ತದೆ. ಆದರೆ ಒಂದೊಂದರ ನಾಯ್ಸೂ ಬೇರೆ ಬೇರೆ ಆಗಿರಬೇಕು. ವಿಷಯ ಇರುವುದೇ ಅಲ್ಲಿ.

ಅದಕ್ಕೇ ಆ ಮಾಡ್ಯೂಲ್ ತಗೊಂಡು ನಾಲ್ಕು ಔಟ್‌ಪುಟ್‌ನ ಸರಾಸರಿ ತೆಗೆದೆ. ನಾಯ್ಸ್ ಒಂದಿಷ್ಟೂ ಇಳಿಯಲಿಲ್ಲ. ನಾಲ್ಕೂ ಔಟ್‌ಪುಟ್ ಮಿಲಿವೋಲ್ಟ್ ಸಮೇತ ಒಂದೇ! ಅಸಲಿ ಚಿಪ್ಪುಗಳಲ್ಲಿ ಹೀಗಾಗುತ್ತಾ? 3 ವೋಲ್ಟ್ ಕೊಟ್ಟಾಗ ಅಡ್ಡ ಅಕ್ಷದ ಸೊನ್ನೆ ಮಟ್ಟ (ವಾಲದೆ ಇದ್ದಾಗಿನ ಔಟ್‌ಪುಟ್) ಒಂದೊಂದು ಚಿಪ್ಪಿನಲ್ಲೂ 1.35ರಿಂದ 1.65 ವೋಲ್ಟ್ ಒಳಗೆ ಎಲ್ಲಿ ಬೇಕಾದರೂ ಇರಬಹುದು ಅಂತ ಡೇಟಾಶೀಟ್ ಹೇಳುತ್ತದೆ. ಮಾರಿದವನಿಗೆ ಮೆಸೇಜ್ ಮಾಡಿದೆ. ಬಂದ ಉತ್ತರ: "ಸರ್, ನಾಲ್ಕೂ ಒಂದೇ ಥರ ಬರ್ತಿದೆ ಅಂದ್ರೆ ಮ್ಯಾಚಿಂಗ್ ಅಷ್ಟು ಚೆನ್ನಾಗಿದೆ ಅಂತ." ಓದಿ ಮೈ ಉರಿದುಹೋಯಿತು.

ವೋಲ್ಟೇಜನ್ನು ಅಂಕಿಯಾಗಿ ಕೊಡುವ ಎಡಿಎಸ್1115 ಚಿಪ್ಪಿನ ಡಿಫರೆನ್ಷಿಯಲ್ ಮೋಡ್‌ನಲ್ಲಿ ಒಂದು ಔಟ್‌ಪುಟ್‌ನಿಂದ ಇನ್ನೊಂದನ್ನು ಕಳೆದೆ. ಎರಡು ಬೇರೆ ಚಿಪ್ಪಾಗಿದ್ದರೆ ನಾಯ್ಸ್ 1.4 ಪಟ್ಟು ಜಾಸ್ತಿ ಆಗಬೇಕು. ಇಲ್ಲಿ ಗೀಟು ಎಳೆದ ಹಾಗೆ ಸೊನ್ನೆ. ಬೋರ್ಡನ್ನು ಬೆರಳಲ್ಲಿ ಕುಟ್ಟಿದರೂ ಸೊನ್ನೆ.

ಅದನ್ನೂ ಕಳಿಸಿದೆ. "ನಿಮ್ಮ ಪವರ್ ಸಪ್ಲೈ ಸರಿ ಇಲ್ಲ" ಅಂದ. ನಾನು ಬ್ಯಾಟರಿಯಲ್ಲಿ ಓಡಿಸಿದ್ದು ಅಂದರೆ "ಹಾಗಾದ್ರೆ ಕೋಡ್ ನೋಡಿ." ಎಪಾಕ್ಸಿ ಕೆರೆದು ನೋಡುತ್ತೇನೆ ಅಂದಾಗ ಮಾತ್ರ ತಕ್ಷಣ ಉತ್ತರ ಬಂತು: "ಓಪನ್ ಮಾಡಿದ್ರೆ ವಾರಂಟಿ ಹೋಗುತ್ತೆ."

ಕೆರೆದೆ. ಒಂದು ಮೂಲೆಯಲ್ಲಿ ಚಿಪ್ಪು. ಉಳಿದ ಮೂರು ಜಾಗದಲ್ಲಿ ಬರೀ ಪ್ಯಾಡ್, ಕೂದಲೆಳೆಯಂಥ ತಂತಿಯಲ್ಲಿ ಮೊದಲನೇ ಚಿಪ್ಪಿನ ಔಟ್‌ಪುಟ್ಟಿಗೇ ಜೋಡಣೆ. ಫೋಟೊ ಕಳಿಸಿದ ಮೇಲೆ ನನ್ನ ನಂಬರ್ ಬ್ಲಾಕ್. ಮಳೆಗಾಲಕ್ಕೆ ಮುಂಚೆ ಮೀಟರ್ ಕೂರಿಸುತ್ತೇನೆ ಅಂತ ಕೆಳಗಿನ ಮನೆಯವರಿಗೆಲ್ಲ ಹೇಳಿದ್ದೆ, ಈಗ ಅವರು ಕೇಳಿದರೆ ತಲೆ ಎತ್ತಲು ಆಗುತ್ತಿಲ್ಲ. ದುಡ್ಡಿಗಿಂತ ಅದೇ ಜಾಸ್ತಿ ಚುಚ್ಚುತ್ತಿದೆ.

ಬಿಡಿ ಚಿಪ್ಪಿನ ಬೋರ್ಡ್ ನಾಲ್ಕು ತಂದು ನೀವೇ ಜೋಡಿಸಿಕೊಳ್ಳಿ. ರೆಡಿ ಮಾಡ್ಯೂಲೇ ಬೇಕು ಅಂದರೆ ಎಪಾಕ್ಸಿ ಹಾಕುವ ಮೊದಲಿನ ಫೋಟೊ ಕೇಳಿ, ಕೊಡದಿದ್ದರೆ ದುಡ್ಡು ಕಳಿಸಬೇಡಿ. ಅವನು ಅದೇ ಮಾಡ್ಯೂಲನ್ನು ಈಗಲೂ ಮಾರುತ್ತಿದ್ದಾನೆ.